ಆರಕ್ಕೇರಿ ಒಂದಕ್ಕಿಳಿಯುವ ಸಂಖ್ಯೆ

ಈ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದ ನಾನು ಏನಾದರೊಂದನ್ನು ಬರೆದುಕೊಡಲೇಬೇಕೆಂದು ಸಂಚಿಕೆಯ ಕೆಲಸವನ್ನು ವಹಿಸಿಕೊಂಡಿರುವ ಉಪಾಧ್ಯಾಯಿನಿಯರು ಒತ್ತಾಯಪಡಿಸಿದರು. ಶಾಲೆಯ ಅಭಿವೃದ್ಧಿಯನ್ನು ಕುರಿತು ಹೇಳತಕ್ಕದ್ದನ್ನೆಲ್ಲಾ ವರದಿಯಲ್ಲಿ ಹೇಳಿಯಾಗಿದೆ. ಆದಕಾರಣ ನನಗೆ ಪ್ರಿಯವಾದ ಗಣಿತದಿಂದ ಒಂದೇ ಒಂದು ಸಂಖ್ಯೆಯನ್ನು ಆರಿಸಿಕೊಂಡು, ಅದರ ಗುಣಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದಿಡುವೆನು. ಗಣಿತವೆಂದೊಡನೆ ಪುಟವನ್ನು ತಿರುವಿಹಾಕುವ ತಾಯಂದಿರೂ ಉಂಟೆಂಬುದನ್ನು ಬಲ್ಲೆನು. ಅವರಲ್ಲಿ ಕೆಲವರಿಗೆ ನಾನೇ ಪಾಠ ಹೇಳಿದವಳಾದುದರಿಂದ ಆ ತಪ್ಪಿನಲ್ಲಿ ನನಗೂ ಪಾಲುಂಟು. ಇಲ್ಲಿ ಬೇಕಾಗುವುದು ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇಷ್ಟೇ. ಒಂದು ಕಾಗದವನ್ನೂ ಸೀಸದ ಕಡ್ಡಿಯನ್ನೂ ಹತ್ತಿರದಲ್ಲಿಟ್ಟುಕೊಂಡು ಓದಬೇಕೆಂದು ಮಾತ್ರ ಬೇಡಿಕೊಳ್ಳುತ್ತೇನೆ.

ಸಂಖ್ಯೆಯು ಇದು:

12345654321

ನಮ್ಮ ಕ್ರಮದಲ್ಲಿ ಇದನ್ನು ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದು ಓದತಕ್ಕದ್ದು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಒಂದರಿಂದ ಹೊರಟು ಆರರ ತನಕ ಮೆಟ್ಟಿಲು ಮೆಟ್ಟಿಲಾಗಿ ಏರಿ, ಅದೇ ಮೆಟ್ಟಿಲುಗಳಿಂದ ಒಂದಕ್ಕೆ ಇಳಿಯುತ್ತದೆ.

ಈ ಸಂಖ್ಯೆಯನ್ನು ನಾನು ಆರಿಸಿಕೊಂಡದ್ದು ಅದರ ಅಂದಕ್ಕಾಗಿ ಮಾತ್ರವಲ್ಲ. ಇದು ನಮ್ಮ ನಾಡಿನ ಹಳೆಯ ಆಸ್ತಿ. ಕ್ರಿಸ್ತಶಕ ಒಂಬತ್ತನೆಯ ಶತಮಾನದಲ್ಲಿ ಮಾನ್ಯಖೇಟದಿಂದ, ಎಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಆಳುತ್ತಿದ್ದ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಹೆಸರನ್ನು ಕನ್ನಡಿಗರೆಲ್ಲರೂ 'ಕವಿರಾಜಮಾರ್ಗ'ದ ನಿಮಿತ್ತ ಬಲ್ಲರು. ಅದೇ ದೊರೆಯ ಕಾಲದಲ್ಲಿದ್ದ ಮಹಾವೀರಾಚಾರ್ಯನೆಂಬ ಜೈನ ಪಂಡಿತನನ್ನು ಬಲ್ಲವರು ಕಡಮೆ. ಆತನು ಸುಮಾರು 850ರಲ್ಲಿ 'ಗಣಿತಸಾರಸಂಗ್ರಹ'ವೆಂಬ ಗ್ರಂಥವನ್ನು ಸಂಸ್ಕೃತ ಪದ್ಯಗಳಲ್ಲಿ ರಚಿಸಿದನು. ಗ್ರಂಥದ ಮೊದಲಿನಲ್ಲಿ ದೊರೆಯನ್ನು ಹೊಗಳಿ, ಬಳಿಕ ಲೋಕವ್ಯವಹಾರದಲ್ಲಾಗಲಿ ಶಾಸ್ತ್ರಗಳಲ್ಲಾಗಲಿ ಗಣಿತದ ಹಂಗಿಲ್ಲದ ವಿಷಯವಿಲ್ಲವೆಂದು ಸಾರಿರುವನು. ಸಂಖ್ಯಾಸ್ಥಾನಗಳಿಗೆ ಏಕದಿಂದ ಮೊದಲಾಗಿ ಮಹಾಕ್ಷೋಭದವರೆಗೆ ಇಪ್ಪತ್ತನಾಲ್ಕು ಹೆಸರುಗಳನ್ನು ಕೊಟ್ಟಿರುವನು. ಕೋಟಿಯನ್ನು ದಾಟಿದೊಡನೆ ತಡವರಿಸುವ ನಮಗೆ ಇದು ನಾಚಿಕೆಯ ವಿಷಯವೇ ಸರಿ. ಮದರಾಸಿನಲ್ಲಿ ಪ್ರೊಫೆಸರ್ ಎಂ. ರಂಗಾಚಾರ್ಯರು 1912ರಲ್ಲಿ ಇದನ್ನು ಇಂಗ್ಲಿಷ್ ಭಾಷಾಂತರದೊಡನೆ ಅಚ್ಚುಹಾಕಿಸಿದ ಮೇಲೆ ಹೊರದೇಶದ ವಿದ್ವಾಂಸರೂ ಈತನನ್ನು ಅರಿತರು.

ಗುಣಾಕಾರದ ಪ್ರಕರಣದಲ್ಲಿ ಆಚಾರ್ಯನು ಶಿಷ್ಯರಿಗೆ ಕೊಡುವ ಲೆಕ್ಕಗಳನ್ನು ನೋಡಿದರೆ, ಆತನು ಪಾಠ ಹೇಳಿ ಅನುಭವವಿದ್ದವನೆಂದು ಯಾವ ಉಪಾಧ್ಯಾಯಿನಿಗಾದರೂ ತಿಳಿಯುವುದು. ಒಣ ಗುಣಾಕಾರವನ್ನು ಮಕ್ಕಳು ಮನಸ್ಸಿಟ್ಟು ಮಾಡುವುದಿಲ್ಲ. ಕೊನೆಯಲ್ಲಿ ಏನೋ ಚಂದವಾದುದು ಹೊರಬರುವುದೆಂದಾದರೆ ಮಾಡುತ್ತಾರೆ. ತಪ್ಪಿದರೆ ಚಂದವು ಕೆಟ್ಟು ತಪ್ಪೇ ತನ್ನನ್ನು ತಾನು ತೋರಿಸಿಕೊಳ್ಳುತ್ತದೆ. 139ನ್ನು 109ರಿಂದ ಗುಣಿಸಿರಿ, 15151 ಬರುವುದು. 152207ನ್ನು 73ರಿಂದ ಗುಣಿಸಿರಿ, ಎಂಟು ಒಂದುಗಳು ಸಾಲಾಗಿ ನಿಲ್ಲುವುವು. 142857143ನ್ನು 7ರಿಂದ ಗುಣಿಸಿದರೆ 1000000001. ಇಂಥವುಗಳನ್ನು ಆತನು ಕೊರಳಿನ ಹಾರಗಳಿಗೆ ಹೋಲಿಸಿರುವನು. ಅವುಗಳಲ್ಲಿ ಒಂದು,

27994681 × 441 = 12345654321

ಒಂದು ಮೊದಲಾಗಿ ಆರು ಕೊನೆಯಾಗಿ ಏರಿ, ಬಳಿಕ ಕ್ರಮವಾಗಿ ಕುಂದುವ ಸಂಖ್ಯೆಯೆಂದು ಆತನು ಇದನ್ನು ವರ್ಣಿಸುತ್ತಾನೆ.

ಈ 27994681 ಎಂಬ ವಿಕಾರವಾದ ಸಂಖ್ಯೆಯು ಆತನಿಗೆ ಎಲ್ಲಿಂದ ಸಿಕ್ಕಿತು? ಅದನ್ನು ತಿಳಿಯುವ ಮುನ್ನ ಹಾರವನ್ನು ಕಟ್ಟುವ ಸುಲಭವಾದ ದಾರಿಯೊಂದನ್ನು ನೋಡೋಣ. 111ನ್ನು 111ರಿಂದ ಶಾಲೆಯ ಕ್ರಮದಲ್ಲಿ ಗುಣಿಸಿರಿ:

    1 1 1
  1 1 1
1 1 1
---------
1 2 3 2 1

ಒಂದರಿಂದ ಗುಣಿಸುವುದರಿಂದ ಪ್ರತಿ ಸಾಲಿನಲ್ಲಿಯೂ ಅದೇ ಸಂಖ್ಯೆ, ಒಂದೊಂದು ಸ್ಥಾನ ಎಡಕ್ಕೆ ಸರಿದು ಕೂರುತ್ತದೆ. ಕೂಡುವಾಗ ಬಲದ ಕೊನೆಯ ಸ್ಥಾನದಲ್ಲಿ ಒಂದೇ ಒಂದು, ಅದರ ಎಡಕ್ಕೆ ಎರಡು, ನಡುವೆ ಮೂರು, ಮತ್ತೆ ಎರಡು, ಒಂದು. ಉತ್ತರದಲ್ಲಿ ಕಾಣುವ ಅಂಕೆಗಳು ಆಯಾ ಸ್ಥಾನದಲ್ಲಿ ಎಷ್ಟು ಒಂದುಗಳು ಒಂದರ ಕೆಳಗೊಂದು ಬಂದಿವೆ ಎಂಬುದರ ಎಣಿಕೆಯೇ ಹೊರತು ಬೇರೇನೂ ಅಲ್ಲ. ಆರು ಒಂದುಗಳನ್ನು ತೆಗೆದುಕೊಂಡರೆ ಆರು ಸಾಲುಗಳಾಗುವುವು, ನಡುವಣ ಸ್ಥಾನದಲ್ಲಿ ಆರು ನಿಲ್ಲುವುದು. ಆದುದರಿಂದ 111111ರ ವರ್ಗವು 12345654321. ಅಂಕೆಗಳನ್ನೆಲ್ಲಾ ಕೂಡಿದರೆ 36, ಎಂದರೆ ಆರಾರಲೆ ಮೂವತ್ತಾರು. ಆರು ಸಾಲುಗಳಲ್ಲಿ ಆರಾರು ಒಂದುಗಳನ್ನು ಬರೆದಿದ್ದೆವಷ್ಟೆ.

ಈಗ ಸಂಖ್ಯೆಯನ್ನು ಒಡೆದು ನೋಡೋಣ. 111111 ಎಂಬುದು 111 ಮತ್ತು 1001 ಇವುಗಳ ಗುಣಲಬ್ಧ. 111 ಎಂಬುದು 3 ಮತ್ತು 37; 1001 ಎಂಬುದು 7, 11 ಮತ್ತು 13. ಇವೈದೂ ಇನ್ನು ಒಡೆಯಲಾರದ ಅವಿಭಾಜ್ಯ ಸಂಖ್ಯೆಗಳು. ಹೀಗಾಗಿ ನಮ್ಮ ದೊಡ್ಡ ಸಂಖ್ಯೆಯಲ್ಲಿ 3, 7, 11, 13, 37 ಇವು ಒಂದೊಂದೂ ಎರಡೆರಡು ಸಲ ಅಡಗಿವೆ. 3 ಮತ್ತು 7ನ್ನು ಗುಣಿಸಿದರೆ 21, ಅದರ ವರ್ಗ 441. ಉಳಿದ 11, 13, 37 ಇವುಗಳನ್ನು ಗುಣಿಸಿದರೆ 5291, ಅದರ ವರ್ಗವೇ 27994681. ಆಚಾರ್ಯನ ವಿಕಾರವಾದ ಸಂಖ್ಯೆಯ ಗುಟ್ಟು ಇಷ್ಟೇ: ಹಾರವನ್ನು ಎರಡು ವರ್ಗಗಳಾಗಿ ಬಿಡಿಸಿ, ಪೋಣಿಸುವ ಕೆಲಸವನ್ನು ಶಿಷ್ಯರಿಗೆ ಬಿಟ್ಟಂತೆ ಇದೆ. ಈ ಐದು ಅವಿಭಾಜ್ಯಗಳಲ್ಲಿ ಒಂದೊಂದನ್ನೂ ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಇಲ್ಲವೆ ಎರಡು ಸಲ ತೆಗೆದುಕೊಳ್ಳಬಹುದು. ಆದಕಾರಣ ನಮ್ಮ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಒಟ್ಟು 243.

1001ರ ಉಪಕಾರವೊಂದನ್ನು ಇಲ್ಲಿ ಹೇಳಲೇಬೇಕು. 7ರಿಂದಲೂ 13ರಿಂದಲೂ ಒಂದು ಸಂಖ್ಯೆಯು ಭಾಗವಾಗುವುದೇ ಎಂದು ತಿಳಿಯಲು ಮಕ್ಕಳು ಬಹಳ ಕಷ್ಟಪಡುತ್ತಾರೆ. ಸಂಖ್ಯೆಯನ್ನು ಬಲದಿಂದ ಮೂರು ಮೂರು ಅಂಕೆಗಳಾಗಿ ಕತ್ತರಿಸಿರಿ: 12, 345, 654, 321. ಒಂದು ಬಿಟ್ಟು ಒಂದನ್ನು ಕೂಡಿರಿ. 321 ಮತ್ತು 345 ಸೇರಿ 666. 654 ಮತ್ತು 12 ಸೇರಿ ಅದೂ 666! ಎರಡರ ಅಂತರವು ಸೊನ್ನೆಯಾದುದರಿಂದ ಈ ಸಂಖ್ಯೆಯು 1001ರಿಂದ, ಅಂದರೆ 7, 11, 13 ಮೂರರಿಂದಲೂ, ಭಾಗವಾಗಲೇಬೇಕು. ಸಾವಿರವು 1001ಕ್ಕಿಂತ ಒಂದು ಕಡಮೆಯಾದುದೇ ಇದಕ್ಕೆ ಕಾರಣ. ಪ್ರತಿ ಮೂರು ಸ್ಥಾನ ದಾಟುವಾಗಲೂ ಕೂಡುವುದು ಕಳೆಯುವುದಾಗಿ, ಕಳೆಯುವುದು ಕೂಡುವುದಾಗಿ ಬದಲಾಗುತ್ತದೆ.

ಆಚಾರ್ಯನ ಮತ್ತೊಂದು ಹಾರವನ್ನೂ ಬಿಡಲಾರೆನು: 12345679ನ್ನು 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ಇಲ್ಲಿ 8 ಏಕೆ ಕಾಣೆಯಾಗಿದೆಯೆಂದು ಪ್ರತಿ ವರ್ಷವೂ ಯಾವಳಾದರೊಬ್ಬಳು ಕೇಳುತ್ತಾಳೆ. ಒಂಬತ್ತು ಒಂದುಗಳನ್ನು 9ರಿಂದ ಭಾಗಿಸುತ್ತಾ ಹೋಗಿರಿ. 11ರಲ್ಲಿ 9 ಒಂದು ಸಲ, ಶೇಷ 2. ಮುಂದಿನ ಒಂದನ್ನು ಇಳಿಸಿದರೆ 21, ಎರಡು ಸಲ, ಶೇಷ 3. 31ರಲ್ಲಿ ಮೂರು ಸಲ, ಶೇಷ 4. ಹೀಗೆಯೇ ನಡೆದು 71ರಲ್ಲಿ ಏಳು ಸಲ, ಶೇಷ 8. ಈಗ ಇಳಿಸಿದರೆ 81. ಎಂಟು ಸಲವೆಂದು ಕೈ ತಾನಾಗಿಯೇ ಬರೆಯಹೋಗುತ್ತದೆ; ಆದರೆ 81ರಲ್ಲಿ 9 ಪೂರ್ತಿಯಾಗಿ ಒಂಬತ್ತು ಸಲ ಇದೆ. 8 ಬರಬೇಕಾದ ಕಡೆ 9 ಬಂದು ಲೆಕ್ಕವು ಮುಗಿದುಹೋಗುತ್ತದೆ. ಈ ಎಂಟರ ವಿಷಯವನ್ನು ನೆನಪಿನಲ್ಲಿಡಿರಿ.

ದೊಡ್ಡ ಗುಣಾಕಾರವೆಂದರೆ ನಮ್ಮ ಜನರಿಗೆ ನೆನಪಾಗುವವರು ಶಕುಂತಲಾ ದೇವಿಯವರು. ಬೆಂಗಳೂರಿನಲ್ಲಿ 1929ರಲ್ಲಿ, ಸರ್ಕಸ್ಸಿನಲ್ಲಿ ಕೆಲಸಮಾಡುತ್ತಿದ್ದವರ ಮಗಳಾಗಿ ಹುಟ್ಟಿ, ಶಾಲೆಯ ಓದಿನ ಅನುಕೂಲವಿಲ್ಲದೆಯೇ ಲೋಕಪ್ರಸಿದ್ಧರಾಗಿ, 2013ರಲ್ಲಿ ತೀರಿಕೊಂಡರು. 1980ನೆಯ ಇಸವಿ ಜೂನ್ 18ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಹದಿಮೂರು ಹದಿಮೂರು ಅಂಕೆಗಳ ಎರಡು ಸಂಖ್ಯೆಗಳನ್ನು ಅವರ ಮುಂದಿಟ್ಟರು: 7686369774870 ಮತ್ತು 2465099745779. ಇಪ್ಪತ್ತೆಂಟು ಸೆಕೆಂಡುಗಳಲ್ಲಿ ಅವರು ಕೊಟ್ಟ ಉತ್ತರ 18947668177995426462773730. ನಾನು ಇದನ್ನು ತರಗತಿಯಲ್ಲಿ ಹೇಳುವುದು ಹುಡುಗಿಯರನ್ನು ಬೆರಗುಗೊಳಿಸುವುದಕ್ಕಲ್ಲ. ಬೆರಗಿನಿಂದ ಲೆಕ್ಕ ಬರುವುದಿಲ್ಲ. "ನಮ್ಮಿಂದಾಗದು" ಎಂಬ ಭಾವನೆ ಬಂದರೂ ಬರಬಹುದು. ಅವರ ಉತ್ತರವನ್ನು ನಮ್ಮ ಎಂಟನೆಯ ತರಗತಿಯ ಹುಡುಗಿಯೂ ತಾಳೆನೋಡಬಲ್ಲಳೆಂದು ತೋರಿಸುವುದಕ್ಕಾಗಿ ಹೇಳುತ್ತೇನೆ.

ಈ ತಾಳೆ ಹೀಗೆ: 10, 100, 1000 ಯಾವುದನ್ನೇ 9ರಿಂದ ಭಾಗಿಸಿದರೂ ಶೇಷ 1. ಆದಕಾರಣ ಸಂಖ್ಯೆಯ ಅಂಕೆಗಳನ್ನು ಕೂಡಿ, ಬಂದುದನ್ನು ಮತ್ತೆ ಕೂಡಿ, ಒಂದೇ ಅಂಕೆಗೆ ಇಳಿಸಿದರೆ 9ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಸಿಗುತ್ತದೆ. 9 ಬಂದರೆ ಶೇಷ ಸೊನ್ನೆ. ಮೊದಲನೆಯ ಸಂಖ್ಯೆಯ ಅಂಕೆಗಳ ಮೊತ್ತ 78, ಅದು 15, ಅದು 6. ಎರಡನೆಯದರ ಮೊತ್ತ 74, ಅದು 11, ಅದು 2. ಆರೆರಡಲೆ ಹನ್ನೆರಡು, ಎಂದರೆ 3. ಉತ್ತರದ ಅಂಕೆಗಳ ಮೊತ್ತ 138, ಅದು 12, ಅದೂ 3. ತಾಳೆಯಾಯಿತು.

ಆದರೆ ತಾಳೆಯಾದುದೆಲ್ಲವೂ ಸರಿಯೆಂದು ತಿಳಿಯತಕ್ಕದ್ದಲ್ಲ. ಇದನ್ನು ನಾನು ಕಲಿತದ್ದು ಟ್ರೈನಿಂಗ್ ಕಾಲೇಜಿನಲ್ಲಿ ಅಲ್ಲ. ನನ್ನ ಒಬ್ಬ ವಿದ್ಯಾರ್ಥಿನಿಯಿಂದ.

ಈಗ್ಗೆ ಇಪ್ಪತ್ತೆರಡು ವರ್ಷಗಳ ಹಿಂದೆ, ನಾನು ಉಪಾಧ್ಯಾಯಿನಿಯಾಗಿ ಸೇರಿದ ಎರಡನೆಯ ವರ್ಷದಲ್ಲಿ, ಒಂಬತ್ತನೆಯ ತರಗತಿಗೆ ಈ ಒಂದುಗಳ ವರ್ಗಗಳನ್ನು ಕಲಿಸಿದೆನು. ಎರಡು ಒಂದುಗಳಿಗೆ 121, ಮೂರಕ್ಕೆ 12321, ಹೀಗೆ ಒಂಬತ್ತು ಒಂದುಗಳಿಗೆ 12345678987654321 ಎಂದು ಹಲಗೆಯ ಮೇಲೆ ಗೋಪುರದಂತೆ ಬರೆದುದನ್ನು ಕಂಡು ಹುಡುಗಿಯರು ಚಪ್ಪಾಳೆ ತಟ್ಟಿದರು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಹತ್ತು ಒಂದುಗಳ ವರ್ಗವನ್ನು ಬರೆಯಿರೆಂದು ಎರಡು ಅಂಕಗಳ ಪ್ರಶ್ನೆಯನ್ನು ಹಾಕಿದೆನು. ನಾನು ಗುಣಿಸಿ ನೋಡಿರಲಿಲ್ಲ. ಒಂಬತ್ತರ ಮುಂದೆ ಹತ್ತು, ಬಳಿಕ ಇಳಿತ. 12345678910987654321 ಎಂದು ನನ್ನ ಉತ್ತರಪತ್ರಿಕೆಯಲ್ಲಿ ಬರೆದುಕೊಂಡಿದ್ದೆನು. ಬಹುಮಂದಿ ಹುಡುಗಿಯರೂ ಹಾಗೆಯೇ ಬರೆದರು. ಮುಳ್ಳೂರಿನಿಂದ ಬರುತ್ತಿದ್ದ ಒಬ್ಬಳು ಮಾತ್ರ 1234567900987654321 ಎಂದು ಬರೆದಿದ್ದಳು. ಆಕೆಯ ಮನೆಯವರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವವರು. ಗೂಡು ಮಾರಿದ ಲೆಕ್ಕವನ್ನು ಮನೆಯಲ್ಲಿ ಬರೆಯುತ್ತಿದ್ದವಳು ಈ ಹುಡುಗಿಯೇ. ನಾನು ಕೆಂಪು ಮಸಿಯಿಂದ ಅಡ್ಡಗೀಟು ಹಾಕಿ ಸೊನ್ನೆ ಕೊಟ್ಟೆನು.

ಪತ್ರಿಕೆಗಳನ್ನು ಹಂಚಿದ ದಿನ ಆಕೆ ಮೇಜಿನ ಬಳಿಗೆ ಬಂದಳು.

"ಟೀಚರ್, ಇದರಲ್ಲಿ ತಪ್ಪು ಎಲ್ಲಾಯಿತು, ತೋರಿಸಿಕೊಡ್ತೀರಾ?"

"ನಡುವೆ ಹತ್ತು ಬರಬೇಕಲ್ಲವೇನಮ್ಮಾ? ನೀನು ಎರಡು ಸೊನ್ನೆ ಹಾಕಿದ್ದೀಯೆ."

"ಹತ್ತು ಒಂದೇ ಮನೇಲಿ ಹಿಡಿಸೋದಿಲ್ಲ ಟೀಚರ್. ಸೊನ್ನೆ ಬರೆದು ಒಂದನ್ನ ಪಕ್ಕಕ್ಕೆ ಕೊಡಬೇಕು. ಹತ್ತು ಒಂದುಗಳು ಅಂದರೆ ಇನ್ನೂರು ಕೋಟಿಗಿಂತ ಕಡಮೆ. ಇನ್ನೂರು ಕೋಟಿಯನ್ನ ಇನ್ನೂರು ಕೋಟಿಯಿಂದ ಗುಣಿಸಿದರೂ ನಾಲ್ಕರ ಮುಂದೆ ಹದಿನೆಂಟು ಸೊನ್ನೆ, ಹತ್ತೊಂಬತ್ತೇ ಅಂಕೆ. ನಿಮ್ಮ ಉತ್ತರದಲ್ಲಿ ಇಪ್ಪತ್ತಿದೆ."

ಒಂಬತ್ತರ ತಾಳೆ ನೋಡೋಣವೆಂದು ಹೇಳಿ, ಆಕೆಯ ಬಾಯಿ ಮುಚ್ಚಿಸುವ ಉದ್ದೇಶದಿಂದ, ಅಲ್ಲಿಯೇ ನನ್ನ ಉತ್ತರವನ್ನು ಕೂಡಿದೆನು: 91, ಅದು 10, ಅದು 1. ಹತ್ತು ಒಂದುಗಳ ಮೊತ್ತ 10, ಅದು 1. ಅದರ ವರ್ಗ 1. ತಾಳೆ ಸರಿಬಂದಿತು! ಆಕೆ ತನ್ನದನ್ನು ಕೂಡಿದಳು: 82, ಅದು 10, ಅದೂ 1. ಎರಡೂ ತಾಳೆಯಾದುವು. ಅಷ್ಟರಲ್ಲಿ ಗಂಟೆ ಹೊಡೆಯಿತು. ಆಮೇಲೆ ನೋಡುವೆನೆಂದು ಹೇಳಿ ನಾನು ಎದ್ದೆನು.

ಅಂದು ರಾತ್ರಿ ಹತ್ತು ಸಾಲುಗಳನ್ನೂ ಬರೆದು ಗುಣಿಸಿದೆನು. ನಡುವಣ ಸ್ಥಾನದಲ್ಲಿ ಹತ್ತು. ಸೊನ್ನೆ ಬರೆದು ಒಂದನ್ನು ಎಡಕ್ಕೆ ಒಯ್ದರೆ ಅಲ್ಲಿದ್ದ ಒಂಬತ್ತೂ ಹತ್ತಾಯಿತು. ಮತ್ತೆ ಸೊನ್ನೆ, ಮತ್ತೆ ಒಂದು ಎಡಕ್ಕೆ. ಅಲ್ಲಿದ್ದ ಎಂಟು ಒಂಬತ್ತಾಯಿತು. ಎಡಮಗ್ಗುಲಿನ ಎಂಟು ಇಲ್ಲಿಯೂ ಹೀಗೆಯೇ ಕಾಣೆಯಾಗುವುದು. ಒಂಬತ್ತರ ತಾಳೆ ನನ್ನ ತಪ್ಪನ್ನು ಏಕೆ ಹಿಡಿಯಲಿಲ್ಲವೆಂಬುದೂ ಆಗ ತಿಳಿಯಿತು. ಪ್ರತಿ ಸಲ ಒಂದನ್ನು ಎಡಕ್ಕೆ ಒಯ್ಯುವಾಗ ಅಂಕೆಗಳ ಮೊತ್ತದಲ್ಲಿ ಹತ್ತು ಹೋಗಿ ಒಂದು ಸೇರುತ್ತದೆ, ಎಂದರೆ ಒಂಬತ್ತು ಕಡಮೆಯಾಗುತ್ತದೆ. ಸಾಲುಗಳಲ್ಲಿದ್ದ ಒಂದುಗಳು ನೂರು. ಆಕೆ ಎರಡು ಸಲ ಒಯ್ದುದರಿಂದ 82. ನಾನು ಒಯ್ಯದೆ ಹತ್ತನ್ನು ಹಾಗೆಯೇ ಬರೆದುದರಿಂದ 91. ಒಂಬತ್ತರ ವ್ಯತ್ಯಾಸವು ಒಂಬತ್ತರ ತಾಳೆಗೆ ಹೇಗೆ ಕಂಡೀತು?

ಹನ್ನೊಂದರ ತಾಳೆಗಾದರೆ ಕಾಣುತ್ತದೆ. ಬಲದಿಂದ ಒಂದು ಅಂಕೆಯನ್ನು ಕೂಡುತ್ತಾ ಮುಂದಿನದನ್ನು ಕಳೆಯುತ್ತಾ ಹೋಗಬೇಕು. ಹತ್ತು ಒಂದುಗಳಲ್ಲಿ ಐದನ್ನು ಕೂಡಿ ಐದನ್ನು ಕಳೆದರೆ ಸೊನ್ನೆ. ಆದುದರಿಂದ ವರ್ಗಕ್ಕೂ ಸೊನ್ನೆಯೇ ಬರಬೇಕು. ಹುಡುಗಿಯ ಉತ್ತರಕ್ಕೆ ಸೊನ್ನೆ ಬಂದಿತು. ನನ್ನದಕ್ಕೆ ಒಂದು ಉಳಿಯಿತು.

ಮರುದಿನ ಬೆಳಿಗ್ಗೆಯೇ ತರಗತಿಯಲ್ಲಿ ಇದನ್ನು ಹೇಳಬೇಕಾಗಿತ್ತು. ಹೇಳಲಿಲ್ಲ. ಹೊಸ ಉಪಾಧ್ಯಾಯಿನಿ, ಹುಡುಗಿಯರು ನಕ್ಕಾರೆಂಬ ಅಂಜಿಕೆ. ನಾಲ್ಕು ದಿನ ಕಳೆದುವು. ಅದರ ನಡುವೆ ವಾರ್ಷಿಕೋತ್ಸವ ನಡೆದು, ಒಂದೇ ಒಂದು ಅಂಕದ ಅಂತರದಿಂದ ಗಣಿತದ ಬಹುಮಾನವು ಮತ್ತೊಬ್ಬಳಿಗೆ ಹೋಯಿತು. ಐದನೆಯ ದಿನ ನಾನು ಹಲಗೆಯ ಮೇಲೆ ಹತ್ತು ಸಾಲುಗಳನ್ನೂ ಬರೆದು ತಪ್ಪನ್ನು ಒಪ್ಪಿಕೊಂಡೆನು. ರಿಜಿಸ್ಟರಿನಲ್ಲಿ ಎರಡು ಅಂಕಗಳನ್ನು ತಿದ್ದಿದೆನು. ಹುಡುಗಿಯರು ನಗಲಿಲ್ಲ. ಬಹುಮಾನದ ಪುಸ್ತಕವನ್ನು ಮಾತ್ರ ಪಡೆದವಳಿಂದ ಕೇಳುವ ಹಾಗಿರಲಿಲ್ಲ. ನನ್ನ ಸ್ವಂತ ಹಣದಿಂದ ಇನ್ನೊಂದನ್ನು ಕೊಳ್ಳಬಹುದಿತ್ತೆಂದು ನನಗೆ ಹೊಳೆದದ್ದು ಆಕೆ ಶಾಲೆಯನ್ನು ಬಿಟ್ಟ ಮೇಲೆ.

ಆ ವಿದ್ಯಾರ್ಥಿನಿಯು ಈಗ ಮುಳ್ಳೂರಿನಲ್ಲಿಯೇ ಇದ್ದು, ಹೆಂಗಸರ ಸ್ವಸಹಾಯ ಸಂಘದ ಲೆಕ್ಕದ ಪುಸ್ತಕಗಳನ್ನು ಇಟ್ಟಿರುವಳು. ಕಳೆದ ಜೂನ್ ತಿಂಗಳಲ್ಲಿ ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಬಂದಿದ್ದಳು. ಅರ್ಜಿಯನ್ನು ತುಂಬಿ ಮುಗಿಸಿ, ಎದ್ದು ಹೊರಡುವಾಗ, "ಟೀಚರ್, ಆ ಹತ್ತು ಒಂದುಗಳ ಲೆಕ್ಕ ಈಗಲೂ ಕೊಡ್ತೀರಾ?" ಎಂದು ಕೇಳಿದಳು. ಕೊಡುತ್ತೇನೆಂದೆನು. "ಇವಳಿಗೂ ಕೊಡಿ. ಫೋನಿನಲ್ಲಿ ಒತ್ತಿ ನೋಡ್ತಾಳೆ, ಬಿಡಬೇಡಿ" ಎಂದಳು. ಫೋನಿನ ವಿಷಯವು ನಿಜ. ಅಂಗಡಿಯ ಸಣ್ಣ ಕ್ಯಾಲ್ಕುಲೇಟರುಗಳಲ್ಲಿ ಎಂಟು ಅಂಕೆಗಳಷ್ಟೇ ಹಿಡಿಸುವಂಥವು ಆರು ಒಂದುಗಳ ವರ್ಗಕ್ಕೇ ಸೋಲುತ್ತವೆ. ಫೋನುಗಳಲ್ಲಿ ಅನೇಕವು ಹತ್ತು ಒಂದುಗಳ ವರ್ಗದ ಮೊದಲ ಕೆಲವು ಅಂಕೆಗಳನ್ನು ತೋರಿಸಿ ಉಳಿದುವನ್ನು ನುಂಗಿಬಿಡುತ್ತವೆ. ಕೊನೆಯ ಅಂಕೆಯವರೆಗೆ ಬೇಕಾದವಳು ಸಾಲುಗಳನ್ನು ಬರೆದೇ ಕೂಡಬೇಕು.

ತಾಯಿಗೆ ಮಾತು ಕೊಟ್ಟಂತೆ ಮಗಳಿಗೆ ಹತ್ತು ಒಂದುಗಳ ಲೆಕ್ಕವನ್ನು ಕೊಟ್ಟಾಯಿತು. ಆಕೆ ಮಾಡಿದ್ದಾಳೆ, ಎರಡನೆಯ ಸಲಕ್ಕೆ ಸರಿಬಂದಿತು. ಈ ಲೇಖನದಲ್ಲಿ ಅದರ ಉತ್ತರವು ಹೊರಬಿದ್ದಿರುವುದರಿಂದ ಇನ್ನು ಮುಂದಿನ ತರಗತಿಗಳಿಗೆ ಅದನ್ನು ಕೊಡುವಂತಿಲ್ಲ. ಆದಕಾರಣ ಹನ್ನೊಂದು ಒಂದುಗಳ ವರ್ಗವನ್ನು ಕೊಡಲು ನಿಶ್ಚಯಿಸಿರುವೆನು. ಹಳೆಯ ವಿದ್ಯಾರ್ಥಿನಿಯರಲ್ಲಿ ಇಷ್ಟವುಳ್ಳವರು ಇದನ್ನು ಮನೆಯಲ್ಲಿ ಮಾಡಿ, ಉತ್ತರವನ್ನು ಕಾರ್ಡಿನಲ್ಲಿ ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಬಹುದು. ಅಂಕೆಗಳು ಇಪ್ಪತ್ತೊಂದಿರಬೇಕು, ಒಂಬತ್ತರ ತಾಳೆಗೆ ನಾಲ್ಕು, ಹನ್ನೊಂದರ ತಾಳೆಗೆ ಒಂದು ಬರಬೇಕು. ಈ ಸಲ ಉತ್ತರವನ್ನು ನಾನು ಮೊದಲೇ ಗುಣಿಸಿ ಇಟ್ಟುಕೊಂಡಿದ್ದೇನೆ.